ಎಣ್ಣೆಯಿಲ್ಲದ ಮೈಗೂ ಅಂಟುವ ಧೂಳು

ಜೈನರ ಮಟ್ಟಿಗೆ ಕರ್ಮ ಒಂದು ದ್ರವ್ಯ. ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾದ ಪುದ್ಗಲ ಕಣಗಳು, ಅಂದರೆ ಜಡದ್ರವ್ಯದ ಕಣಗಳು, ಲೋಕದ ತುಂಬ ಕಿಕ್ಕಿರಿದಿವೆ. ಮನಸ್ಸು, ಮಾತು, ಮೈ ಅಲುಗಿದಾಗಲೆಲ್ಲ ಅವು ಜೀವದ ಕಡೆಗೆ ಹರಿದು ಬರುತ್ತವೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಜಿಗುಟಿದ್ದರೆ ಅಲ್ಲೇ ಕೂರುತ್ತವೆ. ಕೂತ ಕೂಡಲೇ ಫಲ ಕೊಡುವುದಿಲ್ಲ. ಸದ್ದಿಲ್ಲದೆ ಬಿದ್ದಿರುವ ಒಂದು ಅವಧಿ ಇದೆ, ಅದಕ್ಕೆ ಅಬಾಧಾ ಕಾಲ ಎನ್ನುತ್ತಾರೆ. ಅದು ಕಳೆದ ಮೇಲೆ ಉದಯ. ಎಷ್ಟು ಕಣ, ಯಾವ ಬಗೆ, ಎಷ್ಟು ಕಾಲ, ಎಷ್ಟು ತೀವ್ರ ಎಂಬ ಲೆಕ್ಕವೆಲ್ಲ ಮೂಡುಬಿದಿರೆಯ ಗುರುಬಸದಿಯಲ್ಲಿ ನಮ್ಮ ಹಿರಿಯರು ಶತಮಾನಗಳ ಕಾಲ ಜೋಪಾನ ಮಾಡಿದ ಧವಲಾ ಎಂಬ ಸಿದ್ಧಾಂತ ಗ್ರಂಥದ ತಾಳೆಗರಿಗಳಲ್ಲಿದೆ. ನಾನು ಅದೇ ಊರಿನವಳು. ಸ್ವಾಧ್ಯಾಯದಲ್ಲಿ ಕೂತು ಚಿಕ್ಕಂದಿನಿಂದ ಇದನ್ನು ಕೇಳುತ್ತ ಬಂದವಳು.

ಅಣ್ಣನಿಗೆ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್ ಎಂದು ಗೊತ್ತಾದಾಗ ನೋಡಲು ಬಂದ ನೆಂಟರೆಲ್ಲ ಆಡಿದ್ದು ಒಂದೇ ಮಾತು: ಅಸಾತಾ ವೇದನೀಯ, ಅಂದರೆ ನೋವು ಉಣಿಸುವ ಕರ್ಮ, ಉದಯಕ್ಕೆ ಬಂದಿದೆ, ಅನುಭವಿಸಿಯೇ ತೀರಬೇಕು. ಸಮಾಧಾನಕ್ಕೆಂದು ಹೇಳಿದ್ದು, ನಿಜ. ಆದರೆ ನಮ್ಮ ಸಿದ್ಧಾಂತವನ್ನು ಪೂರ್ತಿ ಓದಿದವರ ಬಾಯಲ್ಲಿ ಆ ಮಾತು ಅಷ್ಟು ಸಲೀಸಾಗಿ ಬರಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಣ್ಣ ಎಪ್ಪತ್ತರ ದಶಕದಲ್ಲಿ ಬೊಂಬಾಯಿಗೆ ಹೋದ. ಊರಿನ ಹುಡುಗರು ಹೆಚ್ಚಾಗಿ ಹೋಟೆಲು ಸೇರುತ್ತಿದ್ದರು. ಇವನು ಕಂಟ್ರಾಕ್ಟರನೊಬ್ಬನ ಕೈಕೆಳಗೆ ಲ್ಯಾಗಿಂಗ್ ಕೆಲಸಕ್ಕೆ ಸೇರಿದ. ಬಾಯ್ಲರಿನಿಂದ ಹೊರಡುವ ಹಬೆಯ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಹಾಕುವುದು. ಚೀಲದಿಂದ ಆಸ್ಬೆಸ್ಟಾಸ್ ಪುಡಿಯನ್ನು ಡ್ರಮ್ಮಿಗೆ ಸುರಿದು, ನೀರು ಬೆರೆಸಿ, ಕೈಯಲ್ಲೇ ಕಲಸಿ ಪೈಪಿಗೆ ಮೆತ್ತಬೇಕು. ಸಂದುಗಳಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತಬೇಕು. ರಿಪೇರಿಗೆ ಬಂದ ಪೈಪಿನ ಹಳೇ ಹೊದಿಕೆಯನ್ನು ಒಣಗಿದ್ದ ಹಾಗೇ ಉಳಿ ಸುತ್ತಿಗೆಯಲ್ಲಿ ಒಡೆದು ಉದುರಿಸಬೇಕು. ಅದೇ ಎಲ್ಲಕ್ಕಿಂತ ಧೂಳಿನ ಕೆಲಸ. ಮೂಗಿಗೆ ಕಟ್ಟಿಕೊಳ್ಳಲು ಸ್ವಂತದ್ದೊಂದು ಕರವಸ್ತ್ರ. "ಸಂಜೆ ಹೊತ್ತಿಗೆ ನಮ್ಮ ಕಣ್ಣಿನ ರೆಪ್ಪೆಯೂ ಬಿಳಿ ಆಗಿರ್ತದೆ" ಎಂದು ರಜೆಗೆ ಬಂದಾಗ ಹೇಳುತ್ತಿದ್ದ. ಆ ಧೂಳಿನ ಬಟ್ಟೆಗಳನ್ನು ಕೊಡವಿ ಒಗೆಯುತ್ತಿದ್ದವರು ಅತ್ತಿಗೆ.

ಆ ಕೆಲಸ ಬಿಟ್ಟು ಊರಿಗೆ ಬಂದು, ಅಡಿಕೆ ತೋಟ ನೋಡಿಕೊಂಡು ಮೂರು ದಶಕ ಕಳೆದ ಮೇಲೆ ಹೊಟ್ಟೆ ಉಬ್ಬತೊಡಗಿತು. ಕೈಕಾಲು ಸೊರಗಿ ಹೊಟ್ಟೆ ಮಾತ್ರ ಬಿಗಿದುಕೊಂಡು, ಸೊಂಟದಲ್ಲಿ ಪಂಚೆ ನಿಲ್ಲದಾಯಿತು. ಸೂಜಿ ಹಾಕಿ ನೀರು ತೆಗೆದರು, ಮತ್ತೆ ತುಂಬಿತು. ನಮ್ಮ ದೇಶದಲ್ಲಿ ಇಂಥ ಹೊಟ್ಟೆ ಕಂಡರೆ ಮೊದಲು ನೆನಪಾಗುವುದು ಕ್ಷಯ, ಹಾಗಾಗಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ನಡೆಯಿತು. ಕೊನೆಗೆ ಲ್ಯಾಪರೊಸ್ಕೋಪಿ ಮಾಡಿ ಪೊರೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಪೆರಿಟೋನಿಯಲ್ ಮೆಸೊಥೆಲಿಯೋಮಾ ಎಂದು ಬಂತು. ರಿಪೋರ್ಟ್ ಓದಿದ ಡಾಕ್ಟರು ಬೀಡಿ, ಕುಡಿತದ ವಿಚಾರ ಎತ್ತಲೇ ಇಲ್ಲ. "ಯಜಮಾನ್ರೇ, ಹಿಂದೆ ಎಲ್ಲಿ, ಏನು ಕೆಲಸ ಮಾಡ್ತಿದ್ರಿ?" ಎಂದರು.

ಕರುಳನ್ನೂ ಹೊಟ್ಟೆಯ ಗೋಡೆಯನ್ನೂ ಹೊದ್ದಿರುವ ತೆಳುವಾದ ಪೊರೆ ಪೆರಿಟೋನಿಯಂ. ಶ್ವಾಸಕೋಶದ ಸುತ್ತ ಇರುವುದೂ ಅದೇ ಜಾತಿಯ ಪೊರೆ. ಮೆಸೊಥೆಲಿಯೋಮಾ ಹೆಚ್ಚಾಗಿ ಬರುವುದು ಎದೆಯ ಪೊರೆಗೆ, ಹೊಟ್ಟೆಯದು ಅಪರೂಪ. ಆದರೆ ಅಮೆರಿಕ, ಕೆನಡಾಗಳ 17,800 ಲ್ಯಾಗಿಂಗ್ ಕೆಲಸಗಾರರನ್ನು ವೈದ್ಯ ಇರ್ವಿಂಗ್ ಸೆಲಿಕಾಫ್ ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದಾಗ ಅವರಲ್ಲಿ ಎದೆಯದಕ್ಕಿಂತ ಹೊಟ್ಟೆಯ ಮೆಸೊಥೆಲಿಯೋಮಾದಿಂದ ಸತ್ತವರೇ ಜಾಸ್ತಿ ಇದ್ದರು. ಉಸಿರಿನ ಜೊತೆ ಒಳಗೆ ಹೋದ ಆಸ್ಬೆಸ್ಟಾಸ್, ಅಂದರೆ ಕಲ್ನಾರಿನ ಎಳೆ ದುಗ್ಧರಸ ನಾಳಗಳ ಮೂಲಕವೋ, ಕಫದೊಂದಿಗೆ ನುಂಗಿದಾಗ ಕರುಳಿನ ಗೋಡೆ ದಾಟಿಯೋ ಅಲ್ಲಿಗೆ ತಲುಪುತ್ತದೆ ಎನ್ನುತ್ತಾರೆ. ಹೊರಗಿನಿಂದ ಬಂದದ್ದನ್ನು ನುಂಗಿ ಕರಗಿಸಲು ಮೈಯಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳಿವೆ. ಕಲ್ನಾರಿನ ಎಷ್ಟೋ ಎಳೆಗಳು ಆ ಕಣಕ್ಕಿಂತ ಉದ್ದ. ನುಂಗಹೋದ ಕಣದ ಬಾಯಿ ಮುಚ್ಚುವುದೇ ಇಲ್ಲ. ಎಳೆಯ ತುದಿ ಹೊರಗೆ ಉಳಿಯುತ್ತದೆ, ಅರಗಿಸಲೆಂದು ಅದು ಕೂಡಿಟ್ಟ ದ್ರವ ಸುತ್ತಲಿನ ಪೊರೆಗೆ ಸೋರುತ್ತದೆ, ಉರಿಯೂತ ಏಳುತ್ತದೆ. ಆ ಕಣ ಸತ್ತರೆ ಇನ್ನೊಂದು ಬರುತ್ತದೆ. ಇಪ್ಪತ್ತು ವರ್ಷ, ನಲವತ್ತು ವರ್ಷ, ಕೆಲವೊಮ್ಮೆ ಐವತ್ತು ವರ್ಷ ಇದೇ ನಡೆಯುತ್ತದೆ.

ಇದನ್ನು ತಿಳಿದ ದಿನ ನನಗೆ ಮೈ ಜುಮ್ಮೆಂದಿತು. ಸೂಕ್ಷ್ಮ ಕಣ, ಒಳಹರಿವು, ಅಂಟುವುದು, ಅಬಾಧಾ ಕಾಲ, ಉದಯ. ನೆಂಟರ ಮಾತೇ ಸರಿ ಎನ್ನಿಸುವಷ್ಟು ಹೋಲಿಕೆ. ಆಮೇಲೆ ಕುಂದಕುಂದರ ಸಮಯಸಾರ ತೆಗೆದೆ. ಬಂಧದ ಅಧ್ಯಾಯ ತೊಡಗುವುದೇ ಧೂಳಿನ ದೃಷ್ಟಾಂತದಿಂದ. ಮೈಗೆ ಎಣ್ಣೆ ಹಚ್ಚಿಕೊಂಡವನೊಬ್ಬ ಧೂಳು ತುಂಬಿದ ಜಾಗದಲ್ಲಿ ಆಯುಧ ಹಿಡಿದು ವ್ಯಾಯಾಮ ಮಾಡುತ್ತಾನೆ, ತಾಳೆ ಬಾಳೆ ಕಡಿಯುತ್ತಾನೆ; ಮೈಯೆಲ್ಲ ಧೂಳು ಮೆತ್ತುತ್ತದೆ. ಅದೇ ಜಾಗದಲ್ಲಿ, ಅದೇ ವ್ಯಾಯಾಮವನ್ನು ಎಣ್ಣೆ ಇಲ್ಲದ ಮೈಯಲ್ಲಿ ಮಾಡಿದರೆ ಧೂಳು ಅಂಟದು. ಅಂಟಿಸಿದ್ದು ಕೆಲಸವಲ್ಲ, ಎಣ್ಣೆ. ಎಣ್ಣೆ ಎಂದರೆ ಒಳಗಿನ ರಾಗ.

ನನ್ನ ಅಣ್ಣನ ಧೂಳು ಇಲ್ಲೇ ಬೇರೆ ದಾರಿ ಹಿಡಿಯುತ್ತದೆ. ಅದಕ್ಕೆ ಎಣ್ಣೆ ಬೇಕಿಲ್ಲ. ಸಂಜೆ ಸೂರ್ಯ ಮುಳುಗುವ ಮೊದಲು ಊಟ ಮುಗಿಸಲು ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದವನ ಹೊಟ್ಟೆಗೂ, ಪಕ್ಕದಲ್ಲಿ ನಿಂತು ಬೈದಾಡುತ್ತಿದ್ದವನ ಹೊಟ್ಟೆಗೂ ಅದು ಒಂದೇ ಸಮ. ದಕ್ಷಿಣ ಆಫ್ರಿಕದಲ್ಲಿ ನೀಲಿ ಕಲ್ನಾರಿನ ಗಣಿಗಳ ಸೀಮೆಯಿಂದ ವ್ಯಾಗ್ನರ್ ಎಂಬ ವೈದ್ಯ ಮತ್ತು ಜೊತೆಗಾರರು 1960ರಲ್ಲಿ ವರದಿ ಮಾಡಿದ 33 ಮೆಸೊಥೆಲಿಯೋಮಾ ರೋಗಿಗಳಲ್ಲಿ ಗಣಿಗೆ ಇಳಿಯದೆ ಬರೀ ಅದರ ಹತ್ತಿರ ವಾಸವಿದ್ದವರೂ ಇದ್ದರು. ಗಣಿಯ ಪಕ್ಕದಲ್ಲಿ ಬೆಳೆಯುವ ಮಗುವಿನ ಉಸಿರಿಗೆ ಯಾವ ರಾಗ?

ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳಿಗೆ ನಮೋಸ್ತು ಹೇಳಿ ಇದನ್ನೇ ಕೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಅಮ್ಮಾ, ಉಪಾದಾನ ಅವರ ಕರ್ಮದ್ದೇ. ಧೂಳು ನಿಮಿತ್ತ ಮಾತ್ರ" ಎಂದರು. ಉಪಾದಾನ ಎಂದರೆ ಒಳಗಿನ ಮೂಲ ಕಾರಣ, ನಿಮಿತ್ತ ಎಂದರೆ ಹೊರಗಿನ ನೆಪ.

"ಹಾಗಾದರೆ ಮಹಾರಾಜರೇ, ನಿಮಿತ್ತ ಆದವರಿಗೆ ಬಂಧ ಇಲ್ಲವೇ?"

"ಯಾಕಿಲ್ಲ? ಕಷಾಯ ಎಷ್ಟೋ ಬಂಧ ಅಷ್ಟು."

ಈ ಎರಡನೆಯ ಉತ್ತರವನ್ನು ರೋಗಿಯ ಮನೆಯಲ್ಲಿ ಯಾರೂ ಆಡುವುದಿಲ್ಲ ಎಂಬುದೇ ನನ್ನ ಸಂಕಟ. ಮಲಗಿದವನ ಪೂರ್ವಜನ್ಮವನ್ನು ಅಷ್ಟು ವಿಶ್ವಾಸದಿಂದ ಊಹಿಸುವ ನಾವು, ಈ ಜನ್ಮದಲ್ಲೇ ಕಣ್ಣೆದುರು ನಡೆದದ್ದನ್ನು ಕೇಳುವುದಿಲ್ಲ. ಬೌದ್ಧರ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನಿಗೆ ಹೆಚ್ಚುಕಡಿಮೆ ಇದೇ ಪ್ರಶ್ನೆ ಹಾಕುತ್ತಾನೆ: ಉಣ್ಣುವ ಸುಖದುಃಖವೆಲ್ಲ ಹಿಂದಿನ ಕರ್ಮದಿಂದಲೇ ಎನ್ನುತ್ತಾರಲ್ಲ, ಏನು ಹೇಳುತ್ತೀರಿ? ಪಿತ್ತ, ಕಫ, ವಾತ, ಈ ಮೂರರ ಕೂಟ, ಋತು ಬದಲಾವಣೆ, ಅಜಾಗರೂಕ ನಡೆ, ಹೊರಗಿನ ಪೆಟ್ಟು ಎಂದು ಏಳನ್ನು ಹೇಳಿ, ಕರ್ಮಫಲವನ್ನು ಬುದ್ಧ ಎಂಟನೆಯದಾಗಿ ಇಡುತ್ತಾನೆ. ನಾನು ಬೌದ್ಧಳಲ್ಲ. ಆದರೂ ಆ ಪಟ್ಟಿಯಲ್ಲಿ ಪೆಟ್ಟಿಗೆ ಒಂದು ಜಾಗ ಇದೆ ಎಂಬುದು ನನಗೆ ದೊಡ್ಡ ವಿಷಯ.

ಅಣ್ಣನಿಗೆ ಬಿದ್ದದ್ದು ಪೆಟ್ಟು. ಅವನು ಡ್ರಮ್ಮಿಗೆ ಕೈಹಾಕುವ ಹೊತ್ತಿಗೆ ವ್ಯಾಗ್ನರ್ ವರದಿ ಅಚ್ಚಾಗಿ ಹತ್ತು ವರ್ಷ ದಾಟಿತ್ತು, ಸೆಲಿಕಾಫ್ 1964ರಲ್ಲೇ ಮೊದಲ ಎಚ್ಚರಿಕೆ ಪ್ರಕಟಿಸಿದ್ದರು. ಪುಡಿಯ ಚೀಲ ತರಿಸುವವರಿಗೆ ತಿಳಿದುಕೊಳ್ಳಲು ದಾರಿ ಇತ್ತು, ಕಲಸುವವನಿಗೆ ಇರಲಿಲ್ಲ. ನಮ್ಮ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದದಿಂದ ಪ್ರಾಣಕ್ಕೆ ಮಾಡುವ ಹಾನಿ ಎನ್ನುತ್ತದೆ. ತಿಳಿದೂ ಮುಂದುವರಿಸುವುದು, ತಿಳಿಯಬೇಕಾದದ್ದನ್ನು ತಿಳಿಯದೆ ಕೂರುವುದು ಪ್ರಮಾದವಲ್ಲದೆ ಇನ್ನೇನು? ಲೋಭದ ಎಣ್ಣೆ ಯಾರ ಮೈಯಲ್ಲಿತ್ತೋ ಕುಂದಕುಂದರ ಧೂಳು ಅವರಿಗೆ ಅಂಟಿದೆ, ಗಣಿಯ ಧೂಳು ಅಣ್ಣನಿಗೆ. ಎರಡನ್ನೂ ಒಬ್ಬನ ತಲೆಗೇ ಕಟ್ಟುವುದು ಸಿದ್ಧಾಂತಕ್ಕೆ ಮಾಡುವ ಅನ್ಯಾಯ.

ಕಲ್ನಾರಿನ ಕೆಲಸಗಾರರ ಆರೋಗ್ಯ ಅವರ ಮೂಲಭೂತ ಹಕ್ಕು, ಅವರ ಆರೋಗ್ಯದ ದಾಖಲೆಯನ್ನು 40 ವರ್ಷ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಅಣ್ಣನಂತೆ ಕಂಟ್ರಾಕ್ಟರನ ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರಿದ್ದವರಿಗೆ ದಾಖಲೆ ಎಲ್ಲಿಯದು?

ಹೊಟ್ಟೆ ತೆರೆದು ಗಂಟುಗಳನ್ನೆಲ್ಲ ತೆಗೆದು, ಬಿಸಿ ಮಾಡಿದ ಕೀಮೋ ಔಷಧವನ್ನು ಒಳಗೇ ಸುತ್ತಿಸುವ ಹೈಪೆಕ್ ಎಂಬ ಚಿಕಿತ್ಸೆ ಇದೆ. 2009ರಲ್ಲಿ ಪ್ರಕಟವಾದ 405 ರೋಗಿಗಳ ವರದಿಯ ಪ್ರಕಾರ ಅದನ್ನು ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಐದು ವರ್ಷದ ನಂತರವೂ ಬದುಕಿದ್ದರು. ಅಷ್ಟು ದೊಡ್ಡ ಆಪರೇಷನ್ ಅಣ್ಣನ ಹೃದಯ ತಡೆಯದು ಎಂದರು. ಕೊನೆಗೆ ಅವನ ಊಟ ಗಂಜಿಯ ತಿಳಿಗೆ ಬಂದು ನಿಂತಿತು. ಸಲ್ಲೇಖನ ಹಿಡಿದ ಪುಣ್ಯವಂತ ಎಂದು ಯಾರೋ ಅಂದಾಗ ಅತ್ತಿಗೆ ಸಿಟ್ಟಾದರು: "ಅವರು ಬಿಟ್ಟದ್ದಲ್ಲ, ಒಳಗೆ ಜಾಗ ಇರಲಿಲ್ಲ." ಅತ್ತಿಗೆ ಹೇಳಿದ್ದೇ ಸರಿ. ಸಲ್ಲೇಖನ, ಸಾವಿನ ಮುನ್ನ ಅನ್ನ ನೀರು ಬಿಡುವ ವ್ರತ, ಮನಸಾರೆ ತೊಡುವಂಥದ್ದು. ಕಿತ್ತುಕೊಂಡದ್ದನ್ನು ತ್ಯಾಗ ಎಂದು ಕರೆದರೆ ಸಲ್ಲೇಖನಕ್ಕೂ ಅಪಚಾರ.

ಗೃಹಸ್ಥರಿಗೆ ನಮ್ಮ ಧರ್ಮ ಉದ್ಯೋಗೀ ಹಿಂಸೆಯನ್ನು ಪೂರ್ತಿ ಬಿಡಿಸಿಲ್ಲ. ಹೊಟ್ಟೆಪಾಡಿನ ಕಸುಬಿನಲ್ಲಿ ತಪ್ಪದೇ ಆಗುವ ಹಿಂಸೆ ಅದು. ಆದಷ್ಟು ಕಡಿಮೆ ಮಾಡಿ ಎನ್ನುತ್ತದೆ. ನಾವು ಅದನ್ನು ನೆಲ ಉಳುವಾಗ ಸಾಯುವ ಹುಳುವಿಗೆ ಅನ್ವಯಿಸಿ ನಿಲ್ಲಿಸಿಬಿಟ್ಟೆವು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವಷ್ಟು ಸೂಕ್ಷ್ಮ ಇರುವ ಸಮಾಜದಲ್ಲಿ, ಕೂಲಿಯವನು ಎಳೆದುಕೊಳ್ಳುವ ಗಾಳಿ ಯಾವ ಲೆಕ್ಕಕ್ಕೂ ಬರಲಿಲ್ಲ. 60ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಇಲ್ಲಿ ಗಣಿಗೆ ಹೊಸ ಗುತ್ತಿಗೆ ಕೊಡುವುದು 1986ರಲ್ಲೇ ನಿಂತರೂ ಬಿಳಿ ಕಲ್ನಾರು ರಷ್ಯಾ ಮುಂತಾದ ಕಡೆಯಿಂದ ಬರುತ್ತಲೇ ಇದೆ, ಸಿಮೆಂಟ್ ಶೀಟಾಗಿ ನಮ್ಮ ಕೊಟ್ಟಿಗೆ, ಶೆಡ್ಡುಗಳ ಮೇಲೆ ಕೂರುತ್ತಿದೆ.

ನಮ್ಮ ಬಸದಿಯ ಅಡುಗೆ ಶೆಡ್ಡಿನ ಹಳೇ ಶೀಟು ಇಳಿಸುವ ಮಾತು ಈ ವರ್ಷ ಬಂತು. ಒಡೆದು ಕೆಳಗೆ ಹಾಕಿದರೆ ಒಂದೇ ದಿನದ ಕೆಲಸ, ಕೂಲಿಯೂ ಕಡಿಮೆ ಎಂದರು. ವಸ್ತುವನ್ನು ಎತ್ತುವಾಗ, ಇಡುವಾಗ ಜೀವಕ್ಕೆ ನೋವಾಗದಂತೆ ನೋಡಿಕೊಳ್ಳುವ ಆದಾನ ನಿಕ್ಷೇಪಣ ಸಮಿತಿ ಮುನಿಗಳಿಗೆ ಕಡ್ಡಾಯ. ಈ ಒಂದು ಕೆಲಸದಲ್ಲಿ ನಾವೂ ಅದನ್ನು ಪಾಲಿಸೋಣ ಎಂದು ಸಭೆಯಲ್ಲಿ ಎದ್ದು ಹೇಳಿದೆ. ಶೀಟನ್ನು ನೀರಲ್ಲಿ ನೆನೆಸಬೇಕು, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು, ಗ್ರೈಂಡರ್ ಹಚ್ಚಕೂಡದು, ಇಳಿಸುವ ಹುಡುಗರಿಗೆ ಸರಿಯಾದ ಮಾಸ್ಕು ಬಸದಿಯ ಖರ್ಚಿನಲ್ಲೇ ಬರಬೇಕು. ಸ್ವಲ್ಪ ಚರ್ಚೆ ಆಯಿತು. ಖರ್ಚು ಹೆಚ್ಚೆಂದು ತಕರಾರು ಎತ್ತಿದವರೂ ಕೊನೆಗೆ ಒಪ್ಪಿದರು. ದೀಪಾವಳಿ ಕಳೆದ ಮೇಲೆ, ಮಳೆ ಪೂರ್ತಿ ನಿಂತಾಗ ಇಳಿಸುವುದೆಂದು ನಿಗದಿಯಾಗಿದೆ.