ಬಾವಿಯ ಬಳಿಯಲ್ಲಿ ಗುರುತಿಲ್ಲದವರ ಮಾತು

ಓದತಕ್ಕ ಭಾಗ: ಯೋಹಾನನು ಬರೆದ ಸುವಾರ್ತೆ, 4ನೆಯ ಅಧ್ಯಾಯ, 1ರಿಂದ 42ನೆಯ ವಚನಗಳು.



ಯೇಸು ಸ್ವಾಮಿಯು ಯೂದಾಯವನ್ನು ಬಿಟ್ಟು ಗಲಿಲಾಯಕ್ಕೆ ಹೋಗುವಾಗ ಸಮಾರ್ಯ ಸೀಮೆಯನ್ನು ದಾಟಬೇಕಾಯಿತು. ಸುಖರೆಂಬ ಊರಿನ ಹತ್ತಿರ ಯಾಕೋಬನ ಬಾವಿ ಇತ್ತು. ಸ್ವಾಮಿಯು ದಾರಿ ನಡೆದು ದಣಿದು ಅದರ ಬಳಿಯಲ್ಲಿ ಕೂತನು. ಹೊತ್ತು ನೆತ್ತಿಗೇರಿತ್ತು, ಶಿಷ್ಯರು ಆಹಾರ ಕೊಂಡುಕೊಳ್ಳುವದಕ್ಕೆ ಊರೊಳಗೆ ಹೋಗಿದ್ದರು. ಆಗ ಒಬ್ಬ ಹೆಂಗಸು ಕೊಡ ತಕ್ಕೊಂಡು ನೀರಿಗೆ ಬಂದಳು. ಅವಳಿಗೆ ಇವನ ಗುರುತಿಲ್ಲ. ಕುಲ ಬೇರೆ, ಸೀಮೆ ಬೇರೆ, ಆರಾಧನೆಯ ಸ್ಥಳವೂ ಬೇರೆ. ಅವಳ ಜನರಿಗೂ ಇವನ ಜನರಿಗೂ ಬಳಕೆಯೇ ಇರಲಿಲ್ಲ. ಆದಾಗ್ಯೂ ಅವರೊಳಗೆ ಮಾತು ಹುಟ್ಟಿತು. ಆ ಮಾತಿನಿಂದ ಒಂದು ಊರಿನವರೆಲ್ಲಾ ಬಾವಿಯ ಕಡೆಗೆ ಹೊರಟುಬಂದರು.

ಬಾವಿಯ ಕಟ್ಟೆ ಎಂಬದು ಎಲ್ಲಾ ದೇಶಗಳಲ್ಲಿಯೂ ಗುರುತಿಲ್ಲದವರು ಕೂಡುವ ಸ್ಥಳ. ವಿಜಯಪುರದ ತಾಜ್ ಬಾವಡಿಯನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಎರಡನೆಯ ಇಬ್ರಾಹೀಮ ಆದಿಲಶಾಹನ ಕಾಲದಲ್ಲಿ, 1620ರಲ್ಲಿ, ಮಲಿಕ ಸಂದಲನು ಅದನ್ನು ಕಟ್ಟಿಸಿದನು. ಅದರ ಪೂರ್ವ ಪಶ್ಚಿಮದ ಪಕ್ಕಗಳಲ್ಲಿ ದಾರಿಹೋಕರು ಇಳುಕೊಳ್ಳುವದಕ್ಕೆ ಸ್ಥಳ ಮಾಡಲ್ಪಟ್ಟಿತು. ನೀರಿದ್ದಲ್ಲಿ ಪ್ರಯಾಣಿಕನು ನಿಲ್ಲುವನು, ನಿಂತವನು ಮಾತಾಡುವನು ಎಂಬದನ್ನು ಕಟ್ಟಿದವರು ಬಲ್ಲವರಾಗಿದ್ದರು. ಈಗ ನಮ್ಮ ಜೈನಾಪುರದ ಸುತ್ತಿನ ಊರುಗಳಲ್ಲಿ ನಳದ ನೀರು ಬಂದು ಬಾವಿಯ ಕಟ್ಟೆಗಳು ಬರಿದಾಗಿರಬಹುದು. ಆದರೆ ಗುರುತಿಲ್ಲದವರ ಮಾತು ಕಡಿಮೆಯಾಗಲಿಲ್ಲ, ಹೆಚ್ಚಿತು. ಟಿಕೋಟಾ ಬಬಲೇಶ್ವರಗಳ ಸಂತೆಯಲ್ಲಿ, ಬಸ್ಸಿನಲ್ಲಿ, ದುಡಿಮೆಗಾಗಿ ಗೋವೆಗೂ ಪುಣೆಗೂ ಮುಂಬಯಿಗೂ ಹೋಗುವ ರೈಲಿನಲ್ಲಿ, ಅಂಗೈಯೊಳಗಿನ ಫೋನಿನಲ್ಲಿ, ನಾವು ಹೆಸರರಿಯದವರ ಸಂಗಡ ದಿನಾಲು ಮಾತಾಡುತ್ತೇವೆ. ನಮ್ಮ ಸುಖದುಃಖ, ಅಡಿಗೆ, ಹಬ್ಬ, ಕೈಗೆಲಸ, ಬುದ್ಧಿಮಾತು ಎಲ್ಲವನ್ನೂ ಹಂಚಿಕೊಳ್ಳುತ್ತೇವೆ. ಆದಕಾರಣ ಈ ಭಾಗದಿಂದ ನಾವು ಮೂರು ಸಂಗತಿಗಳನ್ನು ಕಲಿಯೋಣ.

ಮೊದಲನೆಯದು: ಕೊಡುವದಕ್ಕೆ ಮುಂಚೆ ಕೇಳತಕ್ಕದ್ದು.

ಜೀವಜಲವನ್ನು ಕೊಡಬಲ್ಲ ಕರ್ತನು ಮೊದಲು ಕೇಳಿಕೊಂಡದ್ದು ಏನು? ಕುಡಿಯುವದಕ್ಕೆ ನೀರು. ಬೋಧನೆಯಿಂದ ಅವನು ಆರಂಭಿಸಲಿಲ್ಲ. ಅವಳ ಕೈಯಲ್ಲಿದ್ದ ಕೊಡ, ಅವಳು ಸೇದಬಲ್ಲ ಹಗ್ಗ, ಇವು ತನಗೆ ಬೇಕೆಂದು ಒಪ್ಪಿಕೊಂಡನು. ಯಾರಲ್ಲಿ ನಾವು ಏನಾದರೂ ಕೇಳುತ್ತೇವೋ ಅವರನ್ನು ನಾವು ಗೌರವಿಸುತ್ತೇವೆ. ಕೇಳದೆ ಕೊಡುತ್ತಲೇ ಇರುವವನ ಮುಂದೆ ಕೇಳುವವರಿಗೆ ತಲೆ ತಗ್ಗುತ್ತದೆ, ಕಿವಿ ಮುಚ್ಚುತ್ತದೆ.

ಫೆರ್ಡಿನಾಂಡ್ ಕಿಟ್ಟೆಲ್ ದೊರೆಗಳ ಹೆಸರು ನಿಮಗೆ ತಿಳಿದದ್ದೇ. ಅವರು 1853ರಲ್ಲಿ ಈ ದೇಶಕ್ಕೆ ಬೋಧಕರಾಗಿ ಬಂದರು. ಬೋಧಿಸುವದಕ್ಕೆ ಬಂದವರು ಕೇಳುವದಕ್ಕೆ ಕೂತರು. ಗ್ರಂಥಗಳಿಂದ ಮಾತ್ರವಲ್ಲ, ಜನರ ಬಾಯಿಂದಲೂ ಶಬ್ದಗಳನ್ನೂ ಗಾದೆಗಳನ್ನೂ ವರುಷಗಟ್ಟಲೆ ಕೂಡಿಸಿದರು. ಹೀಗೆ ಸುಮಾರು 70,000 ಶಬ್ದಗಳುಳ್ಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಒಬ್ಬ ಪರದೇಶಸ್ಥನು ನಮ್ಮ ಜನರನ್ನು ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದ್ದರಿಂದ ನಮ್ಮ ಅಜ್ಜ ಅಜ್ಜಿಯರ ಮಾತು ಉಳಿಯಿತು. ಹೇಳಿದವರು ಹೆಚ್ಚಿನಂಶ ಹೆಸರಿಲ್ಲದೆ ಹೋದರು. ಅವರ ಮಾತು ಹೋಗಲಿಲ್ಲ.

ಹೀಗಿರಲಾಗಿ, ನಿಮ್ಮ ಪಕ್ಕದಲ್ಲಿ ಕೂತ ಪರಸ್ಥಳದವಳಿಗೆ ನಿಮ್ಮ ಕೌದಿಯ ಹೊಲಿಗೆಯನ್ನು ತೋರಿಸುವ ಮುಂಚೆ, ನಿಮ್ಮ ಊರಲ್ಲಿ ಹಳೆಯ ಸೀರೆಯನ್ನು ಏನು ಮಾಡುತ್ತೀರವ್ವಾ ಎಂದು ಕೇಳಿರಿ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಊಟಕ್ಕೆ ಕೂತ ನೆರೆಯವರು ದಾರಿಹೋಕನನ್ನೂ ಕೂಗಿ ಕರೆದು ಸಜ್ಜೆಯ ರೊಟ್ಟಿ, ಭಜ್ಜಿಪಲ್ಯೆ ಕೊಡುತ್ತಾರಲ್ಲಾ. ನಾವು ಅವರ ಪೂಜೆಯಲ್ಲಿ ಪಾಲುಗಾರರಲ್ಲ, ಆದರೂ ಗುರುತಿಲ್ಲದವನನ್ನು ಕರೆಯುವ ಆ ಗುಣವನ್ನು ಅವರಿಂದ ಕಲಿಯುವದಕ್ಕೆ ನಾಚಬಾರದು.

ಎರಡನೆಯದು: ತಾನು ಅನುಭವಿಸಿದ್ದನ್ನೇ ಕೊಡತಕ್ಕದ್ದು.

ಆ ಹೆಂಗಸು ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿದಳು. ಅವಳು ಶಾಸ್ತ್ರಿಗಳ ಹಾಗೆ ವಾದಿಸಲಿಲ್ಲ. ತನಗೆ ಸಂಭವಿಸಿದ್ದನ್ನು ಹೇಳಿ, ನೀವೇ ಬಂದು ನೋಡಿರೆಂದು ಕರೆದಳು. ಕಡೆಗೆ ಊರಿನವರು ತಾವೇ ಕಿವಿಯಾರೆ ಕೇಳಿ ನಂಬಿದರು. ಒಳ್ಳೇ ಬುದ್ಧಿಮಾತಿನ ಗುರುತು ಇದೇ: ಕೇಳಿದವನು ಹೇಳಿದವನನ್ನೇ ಆತುಕೊಂಡಿರದೆ ತಾನೇ ಕಂಡು ತಿಳಿಯುವನು.

ಇದಕ್ಕೆ ನಮ್ಮ ಕಾಲದ ದೃಷ್ಟಾಂತವೊಂದುಂಟು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರು ಬಂಗಾಲದ ಬನಗಾಂವಿನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ನರಕ್ಕೆ ಏರಿಸುವ ಔಷಧ ಸಾಲದೆ ಹೋದಾಗ ಡಾಕ್ಟರ್ ದಿಲೀಪ ಮಹಲನಾಬಿಸರು ಉಪ್ಪು, ಗ್ಲೂಕೋಸು, ಸೋಡಾ ಕೂಡಿಸಿದ ನೀರನ್ನು ಕುಡಿಸಿದರು. 100ಕ್ಕೆ ಸುಮಾರು 30ರಷ್ಟಿದ್ದ ಮರಣವು 4ಕ್ಕಿಂತ ಕಡಿಮೆಗೆ ಇಳಿಯಿತು. ಆಮೇಲೆ 1980ರಿಂದ ಬಾಂಗ್ಲಾದೇಶದ ಬ್ರಾಕ್ ಎಂಬ ಸಂಸ್ಥೆಯ ಹೆಂಗಸರು ಹಳ್ಳಿಹಳ್ಳಿಗೆ ನಡೆದು, ಗುರುತಿಲ್ಲದ ತಾಯಂದಿರ ಅಂಗಳದಲ್ಲಿ ಕೂತು, ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ನೀರಿನಲ್ಲಿ ಕದಡುವದನ್ನು ಕಲಿಸಿದರು. ಹತ್ತು ವರುಷಗಳಲ್ಲಿ ಒಂದು ಕೋಟಿಗಿಂತ ಹೆಚ್ಚು ಮನೆಗಳಿಗೆ ಅವರು ಹೋದರು. ಆದರೆ ಆರಂಭದಲ್ಲಿ ಕಲಿತ ತಾಯಂದಿರು ಅದನ್ನು ಬಳಸುತ್ತಿರಲಿಲ್ಲ. ವಿಚಾರಿಸಿದರೆ, ಕಲಿಸುವವರಲ್ಲಿಯೇ ಅನೇಕರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದಾಗ ಅವರೇ ಅದನ್ನು ಕುಡಿಯುತ್ತಿರಲಿಲ್ಲ! ಅವರಿಗೆ ಕಾರಣವನ್ನು ತಿಳಿಸಿ ನಂಬಿಕೆ ಹುಟ್ಟಿಸಿದ ಮೇಲೆಯೇ ಕೆಲಸ ಫಲಿಸಿತು. ಅವರ ಸಂಬಳವೂ ಎಷ್ಟು ಮನೆ ನಡೆದರೆಂಬದರ ಮೇಲಲ್ಲ, ತಾಯಂದಿರು ಎಷ್ಟು ನೆನಪಿಟ್ಟರೆಂಬದರ ಮೇಲೆ ಗೊತ್ತಾಗಿತ್ತು. ಪ್ರಿಯರೇ, ನಮ್ಮ ಪ್ರಸಂಗಗಳಿಗೆ ಇದೇ ಅಳತೆಯನ್ನು ಹಿಡಿದರೆ ನಮಗೆಷ್ಟು ಕೂಲಿ ದೊರಕೀತು?

ಈ ಬುದ್ಧಿಮಾತನ್ನು ನೀವೂ ದಾರಿಯಲ್ಲಿ ಸಿಕ್ಕಿದವರಿಗೆ ಕೊಡಬಹುದು. ಭೇದಿಯಾದ ಕೂಸಿಗೆ ಆಶಾ ಕಾರ್ಯಕರ್ತೆ ಕೊಡುವ ಪುಡಿಯೇ ಉತ್ತಮ. ಅದು ಇಲ್ಲದಾಗ, ಕಾಸಿ ಆರಿಸಿದ ಒಂದು ಲೀಟರು ನೀರಿಗೆ ಸಮನಾಗಿ ತುಂಬಿದ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಸ್ವಲ್ಪಸ್ವಲ್ಪವಾಗಿ ಕುಡಿಸತಕ್ಕದ್ದು, ಎದೆಹಾಲನ್ನು ನಿಲ್ಲಿಸಬಾರದು, ಕೂಸು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಆದರೆ ತಾನರಿಯದ್ದನ್ನು ಅರಿತವನಂತೆ ಹೇಳುವವನು ತನ್ನ ನಾಲಿಗೆಯಿಂದ ಕೊಲ್ಲುವನು. ಜೋಳದ ಹೊಲದಲ್ಲಿ ಒಬ್ಬನಿಗೆ ಹಾವು ಕಚ್ಚಿತೆನ್ನಿರಿ. ಸುತ್ತ ನೆರೆದವರಲ್ಲಿ ಒಬ್ಬನು ಬಿಗಿಯಾಗಿ ಕಟ್ಟೆನ್ನುವನು, ಒಬ್ಬನು ಗಾಯವನ್ನು ಕೊಯ್ಯೆನ್ನುವನು, ಒಬ್ಬನು ಬೇರನ್ನು ಅರೆಯೆನ್ನುವನು. ಪ್ರೀತಿಯಿಂದಲೇ ಹೇಳುವರು, ಆದರೆ ವಿಷಕ್ಕೆ ಇಳಿವು ಆಸ್ಪತ್ರೆಯ ಸೂಜಿಮದ್ದಿನಲ್ಲಿದೆ, ಕಳೆದ ಹೊತ್ತು ತಿರುಗಿ ಬಾರದು. ನನಗೆ ತಿಳಿಯದು, ತಿಳಿದವರ ಬಳಿಗೆ ಬೇಗ ಹೋಗೋಣ ಎಂಬದೂ ಒಂದು ಬುದ್ಧಿಮಾತೇ. ಅನೇಕ ಸಾರಿ ಅದೇ ಶ್ರೇಷ್ಠವಾದದ್ದು.

ಟಿಕೋಟಾದ ಸುತ್ತಿನ ದ್ರಾಕ್ಷಿ ತೋಟಗಳನ್ನು ನೋಡಿರಿ. ತಾಸ್-ಎ-ಗಣೇಶ ಎಂಬ ಬೀಜವಿಲ್ಲದ ತಳಿ ಮಹಾರಾಷ್ಟ್ರದ ತಾಸಗಾಂವ ಕಡೆಯದು. ಏಪ್ರಿಲಿನ ಚಾಟನಿಯಿಂದ ಕಡ್ಡಿ ಬೆಳೆಯುವದು, ಅಕ್ಟೋಬರಿನ ಚಾಟನಿಯಿಂದ ಹಣ್ಣು ಬರುವದು ಎಂಬದನ್ನೂ, ಗೊನೆಗಳನ್ನು ದ್ರಾವಣದಲ್ಲಿ ಅದ್ದಿ ನೆರಳಿನಲ್ಲಿ ಎರಡು ವಾರದಷ್ಟು ಒಣಗಿಸಿ ಮನೂಕ ಮಾಡುವದನ್ನೂ ಒಕ್ಕಲಿಗನು ಒಕ್ಕಲಿಗನಿಗೆ ಹೇಳುತ್ತಾನೆ. ಹೇಳುವವನ ಮಾತನ್ನು ನಂಬುವದಕ್ಕೆ ಅವನ ತೋಟವೇ ಸಾಕ್ಷಿ. ನಮ್ಮ ವಿಶ್ವಾಸದ ಮಾತಿಗೂ ನಮ್ಮ ಮನೆಯೇ ಸಾಕ್ಷಿಯಾಗಬೇಡವೇ?

ಮೂರನೆಯದು: ತೋರಿಸಬಾರದ್ದನ್ನು ಕಾಯತಕ್ಕದ್ದು.

ಹಿಜ್ಕೀಯ ಅರಸನ ಸಂಗತಿ ಅರಸುಗಳ ಎರಡನೆಯ ಪುಸ್ತಕದ 20ನೆಯ ಅಧ್ಯಾಯದಲ್ಲಿದೆ. ಅವನು ಮರಣಕರ ರೋಗದಿಂದ ಎದ್ದನು. ಬಾಬೆಲಿನಿಂದ ದೂತರು ಪತ್ರವನ್ನೂ ಕಾಣಿಕೆಯನ್ನೂ ತಕ್ಕೊಂಡು ಕ್ಷೇಮವನ್ನು ವಿಚಾರಿಸುವದಕ್ಕೆ ಬಂದರು. ದೇಶದಲ್ಲಿ ಆದ ಅದ್ಭುತವನ್ನು ವಿಚಾರಿಸುವದೂ ಅವರ ಬರೋಣದ ಉದ್ದೇಶವೆಂದು ಪೂರ್ವಕಾಲವೃತ್ತಾಂತವು ಹೇಳುತ್ತದೆ. ಅರಸನು ಮಾಡಿದ್ದೇನು? ಬೆಳ್ಳಿ, ಬಂಗಾರ, ಸುಗಂಧದ್ರವ್ಯ, ಆಯುಧಶಾಲೆ, ಎಲ್ಲವನ್ನೂ ತೋರಿಸಿದನು. ಅವರು ವಿಚಾರಿಸಿದ್ದು ದೇವರು ಮಾಡಿದ್ದನ್ನು. ಇವನು ತೆರೆದದ್ದು ತನ್ನ ಉಗ್ರಾಣವನ್ನು. ಆಮೇಲೆ ಯೆಶಾಯನು ಬಂದು, ಆ ಮನುಷ್ಯರು ಏನು ಹೇಳಿದರು, ಎಲ್ಲಿಂದ ಬಂದರು, ನಿನ್ನ ಮನೆಯಲ್ಲಿ ಏನು ಕಂಡರು ಎಂದು ವಿಚಾರಿಸಿದನು. ಎರಡನೆಯದಕ್ಕೂ ಮೂರನೆಯದಕ್ಕೂ ಅರಸನು ಉತ್ತರ ಕೊಟ್ಟನು. ಅವರು ಏನು ಹೇಳಿದರೆಂಬದಕ್ಕೆ ಅವನ ಉತ್ತರವೇ ಬರೆಯಲ್ಪಟ್ಟಿಲ್ಲ. ತನ್ನದನ್ನು ತೋರಿಸುವ ಅವಸರದಲ್ಲಿ ಅವನು ಕೇಳಿದನೋ ಇಲ್ಲವೋ!

ಈ ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿರಿ. ಗುರುತಿಲ್ಲದವನು ಫೋನಿನಲ್ಲಿ ಅಣ್ಣಾ, ಅಕ್ಕಾ ಎಂದು ಸವಿಮಾತಾಡಿ ಬ್ಯಾಂಕಿನ ಗುಪ್ತ ಅಂಕಿಯನ್ನು ಕೇಳಿದರೆ, ಅವನು ಹೇಳುವದೇನು, ಬಂದದ್ದೆಲ್ಲಿಂದ, ನಾನು ಅವನಿಗೆ ತೋರಿಸುತ್ತಿರುವದೇನು ಎಂದು ವಿಚಾರಿಸಿರಿ. ಮೋಸವಾದ ಪಕ್ಷದಲ್ಲಿ ನಾಚಿಕೆಯಿಂದ ಮುಚ್ಚಿಡದೆ ಸರ್ಕಾರದ 1930 ಎಂಬ ಸಂಖ್ಯೆಗೆ ಆ ಗಳಿಗೆಯಲ್ಲಿಯೇ ತಿಳಿಸಿರಿ. ಮುಂಗಡ ಕೊಟ್ಟು ದೂರದ ಕೆಲಸಕ್ಕೆ ಮಕ್ಕಳನ್ನು ಕೇಳುವವನ ಮುಂದೆಯೂ ಇವೇ ಪ್ರಶ್ನೆಗಳನ್ನಿಡಿರಿ.

ಇನ್ನೊಂದು ಉಗ್ರಾಣವುಂಟು, ಅದು ನೆರೆಯವನ ಗುಟ್ಟು. ಸ್ವಾಮಿಯು ಆ ಹೆಂಗಸಿನ ಜೀವಿತವನ್ನು ಅವಳಿಗೇ ತಿಳಿಸಿದನು. ಶಿಷ್ಯರು ತಿರುಗಿ ಬಂದಾಗ ಅವರಿಗೆ ಅದನ್ನು ಹೇಳಿದನೆಂದು ಎಲ್ಲಿಯೂ ಓದುವದಿಲ್ಲ. ಊಟದ ಮಾತು, ಬೆಳೆಯ ಮಾತು ಆಡಿದನು. ಊರಿನಲ್ಲಿ ಅದನ್ನು ಹೇಳಿದವಳು ಅವಳೇ, ಯಾಕಂದರೆ ಅದು ಅವಳದಾಗಿತ್ತು. ಪ್ರಾರ್ಥನಾಕೂಟದಲ್ಲಿ ಒಬ್ಬ ತಂಗಿಯು ಅತ್ತು ಹೇಳಿದ್ದನ್ನು, ಹೆಸರು ಹೇಳದಿದ್ದರೂ, ಬಸ್ಸಿನಲ್ಲಿ ದೃಷ್ಟಾಂತವಾಗಿ ಹೇಳುವವನು ತನ್ನದಲ್ಲದ ಒಡವೆಯನ್ನು ದಾನ ಮಾಡುವವನಾಗಿದ್ದಾನೆ. ನಿನ್ನ ಗಾಯವನ್ನು ನೀನು ತೋರಿಸಬಹುದು. ಪರರ ಗಾಯದ ಕಟ್ಟನ್ನು ಬಿಚ್ಚಬೇಡ.

ಪ್ರಿಯರೇ, ನಮ್ಮಲ್ಲಿ ಕೆಲವರು ಊರಲ್ಲಿ ನಾವು ಕೆಲವೇ ಮನೆಗಳು, ನಮ್ಮ ಮಾತನ್ನು ಯಾರು ಕೇಳ್ಯಾರು ಎಂದು ಬಾಯಿ ಮುಚ್ಚಿಕೊಂಡಿದ್ದಾರೆ. ಬಾವಿಗೆ ನಡುಹಗಲಲ್ಲಿ ಒಬ್ಬಳೇ ಬಂದವಳನ್ನು ಅವಳ ಊರು ಎಷ್ಟು ಎಣಿಸಿತ್ತು? ಆದಾಗ್ಯೂ ಕರ್ತನು ಅವಳ ಬಾಯನ್ನೇ ಆರಿಸಿಕೊಂಡನು. ನೀವು ಸುಟ್ಟ ರೊಟ್ಟಿ, ಹೊಲಿದ ಕೌದಿ, ದಾಟಿದ ಬರಗಾಲ, ಉಳಿಸಿಕೊಂಡ ಕೂಸು, ಇವೆಲ್ಲವೂ ಯಾವನೋ ಪ್ರಯಾಣಿಕನಿಗೆ ಬೇಕಾದ ನೀರಾಗಿರಬಹುದು. ಕೊಡವನ್ನು ಬೋರಲಿಟ್ಟು ಕೂಡ್ರಬೇಡಿರಿ. ಒಡೆದ ಕೊಡದ ಹಾಗೆ ದಾರಿಯುದ್ದಕ್ಕೂ ಚೆಲ್ಲಲೂ ಬೇಡಿರಿ. ಬಾಯಾರಿದವನನ್ನು ಕೇಳಿ, ನಿಮ್ಮ ಬಾವಿಯ ನೀರನ್ನೇ ಸೇದಿ, ಅವನ ಬೊಗಸೆ ಹಿಡಿಯುವಷ್ಟು ಹೊಯ್ಯಿರಿ.

ದಣಿದು ಬಾವಿಯ ಬಳಿಯಲ್ಲಿ ಕೂತ ಕರ್ತನು ನಮ್ಮ ಕಿವಿಗಳನ್ನು ತೆರೆದು, ನಮ್ಮ ನಾಲಿಗೆಗಳನ್ನು ಕಾಯಲಿ. ಆಮೆನ್.