ಬೀಡ್ ರಸ್ತೆಯ ಲಾರಿ

ಪೈಲಟ್ ಆಗುವ ಆಸೆಯುಳ್ಳ ಮಕ್ಕಳು ಈಗ ಮನೆಯಲ್ಲೇ ಹಾರಾಟ ಶುರುಮಾಡುತ್ತಾರೆ. ಒಂದು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್, ಎಕ್ಸ್-ಪ್ಲೇನ್ ಅಥವಾ ಮೈಕ್ರೋಸಾಫ್ಟ್‌ನವರ ಸಿಮ್ಯುಲೇಟರ್. ಅಷ್ಟು ದುಡ್ಡಿಲ್ಲದವರಿಗೆ ಬಿಟ್ಟಿ ಸಿಗುವ ಫ್ಲೈಟ್‌ಗಿಯರ್. ಮಕ್ಕಳಾಟ ಎನ್ನುವವರಿದ್ದಾರೆ. ಅನ್ನಲಿ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್, ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಜೋಡಿಸಿ ನಿಂತಲ್ಲೇ ವಾಲಾಡುವ ವಿಮಾನ ಮಾಡಿದಾಗ ಅದನ್ನು ಕೊಳ್ಳಲು ಬಂದವರು ಮೋಜಿನ ಪಾರ್ಕಿನವರು. 1934ರಲ್ಲಿ ಟಪಾಲು ಹೊತ್ತ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಯತೊಡಗಿದ ಮೇಲೆ ಅಲ್ಲಿನ ಸೇನೆಯೇ ಅವನ ಬಾಗಿಲಿಗೆ ಬಂತು.

ಹೊಸಬರು ಮೊದಲ ದಿನವೇ ಬೋಯಿಂಗ್ ಏರಿ ದುಬೈಗೆ ಹೊರಡುವುದು ನನಗೆ ಹಿಡಿಸದು. ಪುಟ್ಟ ಸೆಸ್ನಾ 172 ಸಾಕು. ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದ ಹಾದಿ ಸಾಕು. ನಾಸಿಕ್‌ನ ಓಝರ್ ರನ್‌ವೇಯಿಂದ ಸಂಭಾಜಿನಗರದ ಚಿಕಲಠಾಣಾ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 85 ನಾಟಿಕಲ್ ಮೈಲು, ಮುಕ್ಕಾಲು ಗಂಟೆ. ಬೆಳಗಿನ ಕಾಫಿಗೆ ಮೊದಲೇ ಮುಗಿಯುತ್ತದೆ. ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಆಲ್ಟಿಮೀಟರ್ ಸುಮಾರು 1,900 ಅಡಿ ತೋರಿಸುತ್ತದೆ: ದಖ್ಖನಿನ ಎತ್ತರ. 55 ನಾಟ್‌ಗೆ ಮೂಗೆತ್ತಿ, 74ರಲ್ಲಿ ಏರಬೇಕು. ಗೆರೆಯ ಮೇಲೆಯೇ ಯೇವಲಾ ಸಿಗುತ್ತದೆ, ಪೈಠಣಿ ಸೀರೆ ನೇಯುವ ಊರು. ಬಲಕ್ಕೆ ಗೋದಾವರಿ, ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆ ಎಂದ ಹೊಳೆ. ಇಳಿಯಲು ಅಣಿಯಾಗುವ ಹೊತ್ತಿಗೆ ಎಡಕ್ಕೆ ಎಲ್ಲೋರದ ಗುಡ್ಡಸಾಲು. ರಾಷ್ಟ್ರಕೂಟ ಕೃಷ್ಣ ಕಡೆಸಿದ ಕೈಲಾಸ ಪರದೆಯಲ್ಲಿ ಕಾಣದಿದ್ದರೂ ಅಲ್ಲಿದೆ ಎಂಬುದು ನಮಗೆ ಗೊತ್ತಿರುತ್ತದೆ.

ಅಲ್ಲಿ ಕಾಣದ ಇನ್ನೊಂದೂ ಇದೆ. 1993ರ ಏಪ್ರಿಲ್ 26, ಮಧ್ಯಾಹ್ನ ಒಂದರ ಸುಡುಬಿಸಿಲು. 118 ಜನರಿದ್ದ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737 ಚಿಕಲಠಾಣಾದಿಂದ ಮೇಲೇಳುತ್ತಿದ್ದಾಗ, ರನ್‌ವೇ ಆಚೆಯ ಬೀಡ್ ರಸ್ತೆಯಲ್ಲಿ ಹತ್ತಿ ಮೂಟೆ ಹೊತ್ತು ಸಾಗುತ್ತಿದ್ದ ಲಾರಿಗೆ ಅದರ ಚಕ್ರ ತಗುಲಿತು. 55 ಮಂದಿ ಸತ್ತರು. ಪೈಲಟ್‌ಗಳು ಮೂಗೆತ್ತಲು ತಡಮಾಡಿದರು, ಎತ್ತಿದ ರೀತಿಯೂ ಸರಿಯಿರಲಿಲ್ಲ ಎಂದಿತು ವಿಚಾರಣೆ. ವಿಮಾನ ಓಡಾಡುವ ಹೊತ್ತಿನಲ್ಲಿ ರಸ್ತೆಯ ವಾಹನಗಳನ್ನು ತಡೆಯದ ನಿಲ್ದಾಣದವರ ಲೋಪವನ್ನೂ ಹೇಳಿತು. ಕೆಲವು ಸೆಕೆಂಡುಗಳ ತಡ, ಮತ್ತು ತನ್ನ ಪಾಡಿಗೆ ತಾನು ಹೋಗುತ್ತಿದ್ದ ಒಂದು ಲಾರಿ.

ಮನೆಯ ಸಿಮ್ಯುಲೇಟರಿನಲ್ಲಿ ತಡವಾದರೆ ಏನೂ ಆಗುವುದಿಲ್ಲ. ಗುಂಡಿ ಒತ್ತಿದರೆ ವಿಮಾನ ಮತ್ತೆ ರನ್‌ವೇ ತುದಿಯಲ್ಲಿ ನಿಂತಿರುತ್ತದೆ. ಆ ಗುಂಡಿಯ ಮೇಲೆ ನನಗೆ ಸಿಟ್ಟಿಲ್ಲ, ಕೈ ಪಳಗುವುದೇ ಹಾಗೆ. ಆದರೆ ವಾರಕ್ಕೊಮ್ಮೆಯಾದರೂ ಅದನ್ನು ಮುಟ್ಟದೆ ಹಾರಬೇಕು. ಕೆಟ್ಟ ಇಳಿತ ಕೆಟ್ಟದಾಗಿಯೇ ಉಳಿಯಲಿ. ಹವೆಯನ್ನು 40 ಡಿಗ್ರಿಗೆ ಏರಿಸಿ, ನಾಲ್ಕೂ ಸೀಟು ತುಂಬಿಸಿ ನೋಡಿ: ತೆಳುವಾದ ಗಾಳಿಯಲ್ಲಿ ಅದೇ ನೆಲ ವಿಮಾನದ ಪಾಲಿಗೆ ಐದು ಸಾವಿರ ಅಡಿಗೂ ಮೇಲಿನದಾಗುತ್ತದೆ, ರನ್‌ವೇ ಕರಗುತ್ತಾ ಬರುತ್ತದೆ, ವಿಮಾನ ಏಳಲೊಲ್ಲದು. ಆಗ ಕೈ ಸ್ಟಿಕ್ಕನ್ನು ಒಮ್ಮೆಲೇ ಜಗ್ಗುತ್ತದೋ, 55 ನಾಟ್‌ಗೆ ಕಾಯುತ್ತದೋ?

ವಾಣಿಜ್ಯ ಪೈಲಟ್ ಪರವಾನಗಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವ 200 ಗಂಟೆಗೆ ಮನೆಯ ಈ ಗಂಟೆಗಳ ಒಂದು ನಿಮಿಷವೂ ಸೇರದು. ಆದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮೂಗೆತ್ತಬೇಕಿದ್ದ ವೇಗ ಎಷ್ಟು, ಎತ್ತಿದ್ದು ಎಷ್ಟಕ್ಕೆ.