ಚಿಕಿತ್ಸೆಯೋ, ಅತೃಪ್ತಿಯೋ?

ಜೋತುಬಿದ್ದ ತೋಳಿನ ಚರ್ಮವನ್ನು ಕತ್ತರಿಸಿ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ಇಂದು ನಮ್ಮ ನಗರಗಳಲ್ಲೂ ಇದೆ. ಅದನ್ನು ಮಾಡಿಸಿಕೊಳ್ಳಬಹುದೇ?

ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ(ರ)ರ ಬೆಳ್ಳಿಯ ಮೂಗು ನಾರತೊಡಗಿದಾಗ, ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದರೆಂದು ಅಬೂದಾವೂದ್‌ನಲ್ಲಿದೆ. ಪುರುಷರಿಗೆ ನಿಷಿದ್ಧವಾದ ಚಿನ್ನಕ್ಕೂ ಅಲ್ಲಿ ಅನುಮತಿ ದೊರೆಯಿತು. ಆದರೆ ಅಂದಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸುವುದನ್ನು ಅವರು ಖಂಡಿಸಿದರು. 2007ರಲ್ಲಿ ಮಲೇಷ್ಯಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ದೋಷ ನಿವಾರಣೆಗೆ ಅನುಮತಿಸಿತು. ಸಹಜ ರೂಪವನ್ನು ಬರೀ ಆಸೆಗಾಗಿ ಬದಲಿಸುವುದನ್ನು ನಿಷೇಧಿಸಿತು.

ತೂಕ ತೀರಾ ಇಳಿದು, ಜೋತ ಚರ್ಮ ಉಜ್ಜಿ ಹುಣ್ಣಾಗುತ್ತಿದ್ದರೆ ಅದು ಚಿಕಿತ್ಸೆ. ಮಕ್ಕಳನ್ನು ಎತ್ತಿ ಆಡಿಸಿದ ತೋಳು ಪ್ರಾಯ ಸಂದಂತೆ ಸಡಿಲವಾಗುವುದು ರೋಗವಲ್ಲ. ಬಿಗಿಗೊಳಿಸಿದರೂ ಕಂಕುಳಿನಿಂದ ಮೊಣಕೈಯತ್ತ ಹೊಲಿಗೆಯ ಕಲೆ ಉಳಿಯುತ್ತದೆ.

ಆದರೆ ಪರ್ದಾದೊಳಗಿನ ತೋಳಿನ ಬಗ್ಗೆ ಆಕೆಗೆ ನಾಚಿಕೆ ಹುಟ್ಟಿಸಿದವರು ಯಾರು? ಗಂಡನ ಕುಹಕವೇ? ಮದುವೆ ಮನೆಯ ಹೆಂಗಸರ ನಗುವೇ? ಸೂರಃ ಅಲ್ ಹುಜುರಾತ್ ಪರಿಹಾಸ್ಯವನ್ನು ಪುರುಷರಿಗೂ ಸ್ತ್ರೀಯರಿಗೂ ಬೇರೆ ಬೇರೆಯಾಗಿ ಹೇಳಿ ತಡೆದಿದೆ. ಆಕೆಯ ಮೇಲೆ ಫತ್ವಾ ಹುಡುಕುವ ಮುನ್ನ ನಮ್ಮ ನಾಲಿಗೆಯನ್ನು ವಿಚಾರಿಸೋಣ. ಆ ಗಾಯದ ಲೆಕ್ಕವನ್ನು ನಾಳೆ ಅಲ್ಲಾಹನು ನಮ್ಮಲ್ಲೂ ಕೇಳಬಹುದು.